ಖಾತಾ ನಂಬರ್ ಇಲ್ಲದವರ ಅಹವಾಲು

ಹೋದ ತಿಂಗಳು ನಾವು ಹಾಸ್ಟೆಲ್ಲಿನ ಐದು ಜನ ಮಲ್ಲೇಶ್ವರದಲ್ಲಿ ಒಂದು ಅಹವಾಲು ಸಭೆಗೆ ಹೋಗಿದ್ವಿ. ಅಲ್ಲಿನ ಒಂದು ರಸ್ತೆಯನ್ನ ಅಗಲ ಮಾಡಿ, ಮುಂದಕ್ಕೂ ಎಳೆದು, ದೊಡ್ಡ ರಸ್ತೆಗೆ ಕೂಡಿಸಬೇಕು ಅನ್ನೋ ಯೋಜನೆ. ಅದಕ್ಕೆ ಸಾರ್ವಜನಿಕರು ಏನಂತಾರೆ ಅಂತ ಕೇಳ್ತಾರಂತೆ. ನಮ್ಮಲ್ಲಿ ಒಬ್ಬನ ದೊಡ್ಡಮ್ಮ ಅದೇ ಬೀದಿ ಗುಡಿಸೋ ಪೌರಕಾರ್ಮಿಕರು. ಅವರು ಹೇಳದೆ ಇದ್ದಿದ್ರೆ ಇಂಥದೊಂದು ಸಭೆ ಇದೆ ಅಂತಲೇ ನಮಗೆ ಗೊತ್ತಾಗ್ತಿರಲಿಲ್ಲ. ಅವರಿಗೂ ಯಾರೂ ನೋಟೀಸು ಕೊಟ್ಟಿರಲಿಲ್ಲ. ಸಭೆ ನಡೆಯೋ ಹಾಲ್ ಗುಡಿಸಿ ಕುರ್ಚಿ ಹಾಕೋಕೆ ಹೇಳಿದ್ರಂತೆ, ಅದರಿಂದ ಗೊತ್ತಾಯ್ತು.

ಮೊದಲು ನಮ್ಮೊಳಗೇ ಜಗಳ ಆಯ್ತು. 'ಅದು ಬಂಗ್ಲೆಯವರ ಜಗಳ ಕಣ್ರೋ, ಕಾಂಪೌಂಡು ಹೋಗೋದು ಅವರದು, ಕಾರು ಓಡೋದು ಅವರದು. ನಮಗೇನು ಅಲ್ಲಿ ಕೆಲಸ?' ಅಂದ ಒಬ್ಬ. ಈ ಮಾತು ನಿಮ್ಮಲ್ಲೂ ಬಹಳ ಜನ ಹೇಳ್ತೀರಿ. ಈ ಮಾತಿಗೆ ಉತ್ತರ ಕೊಡೋಕೇ ಇದನ್ನ ಬರೀತಿದೀವಿ.

ಸಭೆಯಲ್ಲಿ ಮುಂದಿನ ಸಾಲಿನಲ್ಲಿ ರಿಟೈರಾದ ಹಿರಿಯರು, ಹಿಂದೆ ಅಂಗಡಿಯವರು. ನಾವು ಗೋಡೆಗೆ ಒರಗಿ ನಿಂತ್ವಿ. ಒಬ್ಬ ಹಿರಿಯರು ಮರಗಳ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದರು. ಸಂಪಿಗೆ ರಸ್ತೆ, ಬೇವಿನ ಮರದ ಹೆಸರಿನ ಮಾರ್ಗೋಸಾ ರಸ್ತೆ ಇರೋ ಊರಲ್ಲಿ ಮರ ಕಡಿದು ಯಾರಿಗೆ ರಸ್ತೆ ಮಾಡ್ತೀರಿ ಅಂತ ಕೇಳಿದರು. ನಾವೂ ಚಪ್ಪಾಳೆ ತಟ್ಟಿದ್ವಿ. ಇನ್ನೊಬ್ಬರು ಎದ್ದು, ರಸ್ತೆ ಅಗಲ ಆಗಲೇಬೇಕು, ಆದ್ರೆ ಮೊದಲು ಫುಟ್‌ಪಾತ್ ಮೇಲೆ ಕೂತವರನ್ನ ಎಬ್ಬಿಸಿ ಅಂದರು. ಅದಕ್ಕೂ ಚಪ್ಪಾಳೆ ಬಿತ್ತು. ಕೆಲವು ಕೈಗಳು ಎರಡೂ ಸಲ ತಟ್ಟಿದವು.

ಬಾಗಿಲ ಹತ್ತಿರ ಒಬ್ಬ ಹೂವಿನಮ್ಮ ನಿಂತಿದ್ದರು. ಮೂವತ್ತು ವರ್ಷದಿಂದ ಆ ರಸ್ತೆಯ ತಿರುವಿನಲ್ಲಿ ಹೂವು ಮಾರ್ತಾರೆ. 'ಏನಾದ್ರೂ ಹೇಳೋದಿದ್ರೆ ಫಾರಂ ತುಂಬಿಕೊಡಿ' ಅಂದರು ಮೇಜಿನ ಹತ್ತಿರ ಕೂತಿದ್ದವರು. ಫಾರಂನಲ್ಲಿ ಹೆಸರು, ವಿಳಾಸ, ಆಮೇಲೆ ಆಸ್ತಿಯ ಖಾತಾ ನಂಬರ್. ಹೂವಿನಮ್ಮ ನಮ್ಮ ಕೈಗೆ ಕಾಗದ ಕೊಟ್ಟು, 'ಇಲ್ಲಿ ಏನು ಬರೀಲಪ್ಪ?' ಅಂತ ಕೇಳಿದರು. ನಮಗೂ ತೋಚಲಿಲ್ಲ. ಮೇಜಿನವರನ್ನ ಕೇಳಿದ್ರೆ, 'ಆಸ್ತಿ ಹೋಗೋರ ಸಭೆ ಅಮ್ಮಾ ಇದು, ನಿಮ್ಮದೇನು ಹೋಗ್ತದೆ?' ಅಂದರು. ಸಿಟ್ಟಿನಿಂದ ಹೇಳಲಿಲ್ಲ, ಪಾಪ, ನಿಜವಾಗಿಯೂ ತಿಳೀದೆ ಕೇಳಿದ ಹಾಗಿತ್ತು.

ಗೆಳೆಯರೇ, ಜಾಗ ಇದ್ದವರಿಗೆ ಮಾತ್ರ ನಷ್ಟ ಆಗ್ತದೆ, ನಷ್ಟ ಆದವರು ಮಾತ್ರ ಮಾತಾಡಬೇಕು ಅನ್ನೋ ಈ ಲೆಕ್ಕ ಇವತ್ತಿನದಲ್ಲ.

ಮಲ್ಲೇಶ್ವರ, ಬಸವನಗುಡಿ ಹೇಗೆ ಹುಟ್ಟಿದವು ನೋಡಿ. 1890ರ ದಶಕದಲ್ಲಿ ಶುರುವಾದ ಈ ಬಡಾವಣೆಗಳು 1898ರ ಪ್ಲೇಗಿನ ನಂತರ ಭರದಿಂದ ಬೆಳೆದವು. ಪೇಟೆಯ ಇಕ್ಕಟ್ಟು ಬಿಟ್ಟು ಗಾಳಿ ಬೆಳಕಿಗೆ ಬನ್ನಿ ಅಂತ ಸರ್ಕಾರ ನೇರವಾದ ರಸ್ತೆ ಹಾಕಿ ಸೈಟು ಹಂಚಿತು. ಯಾವ ಜಾತಿಯವರು ಯಾವ ಕಡೆ ಇರಬೇಕು ಅಂತಲೂ ಆ ನಕ್ಷೆಯಲ್ಲಿ ಗುರುತು ಮಾಡಿದ್ದರೆಂದು ಈ ನಗರದ ಚರಿತ್ರೆ ಬರೆದವರು ಹೇಳ್ತಾರೆ. ಎರಡು ಸಾಲು ಮನೆಗಳ ಬೆನ್ನ ಹಿಂದೆ ಒಂದು ಸಣ್ಣ ಸಂದಿ ಬಿಟ್ಟರು. ಅದೇ ಕನ್ಸರ್ವೆನ್ಸಿ ಗಲ್ಲಿ. ಮುಂದಿನ ರಸ್ತೆ ಮನೆಯವರಿಗೆ, ನೆಂಟರಿಗೆ, ಮೆರವಣಿಗೆಯ ದೇವರಿಗೆ. ಹಿಂದಿನ ಗಲ್ಲಿ ಕಕ್ಕಸ್ಸು ಬಳಿಯೋಕೆ ಬರುವ ನಮ್ಮ ಜನಕ್ಕೆ. ಅವರು ಮುಂಬಾಗಿಲಿಗೆ ಬರಬಾರದು, ಕಣ್ಣಿಗೂ ಬೀಳಬಾರದು, ಕೆಲಸ ಮಾತ್ರ ಆಗಬೇಕು. ಇಂಜಿನಿಯರು ಅಳತೆಪಟ್ಟಿ ಹಿಡಿದು ಎಳೆದ ರಸ್ತೆಯೊಳಗೇ ಕೇರಿ ಇತ್ತು.

ನಮಗೆ ಇದು ಹೊಸದಲ್ಲ. ಹಾಸ್ಟೆಲ್ಲಿಗೆ ಬಂದ ನಮ್ಮಲ್ಲಿ ಎಷ್ಟು ಜನರ ಅಜ್ಜಂದಿರು ಗೌಡರ ಬೀದಿ ದಾಟುವಾಗ ಚಪ್ಪಲಿ ಕೈಲಿ ಹಿಡಿದಿಲ್ಲ? 1924ರಲ್ಲಿ ಕೇರಳದ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ದೇವಸ್ಥಾನದ ಒಳಗೆ ಹೋಗೋಕಲ್ಲ, ಅದರ ಸುತ್ತಲಿನ ರಸ್ತೆಯಲ್ಲಿ ಕಾಲಿಡೋಕೆ. ಒಂದೂವರೆ ವರ್ಷ ಮೇಲೆ ಹೋರಾಡಬೇಕಾಯ್ತು. 1927ರಲ್ಲಿ ಬಾಬಾಸಾಹೇಬರು ಮಹಾಡ್ ಕೆರೆಯ ನೀರು ಮುಟ್ಟಿದ್ದೂ ಅದು ಸಾರ್ವಜನಿಕ ಕೆರೆ ಅನ್ನೋ ಒಂದೇ ಮಾತಿನ ಮೇಲೆ. ಸಾರ್ವಜನಿಕ ಅನ್ನೋ ಪದದ ಅರ್ಥವನ್ನ ಈ ದೇಶಕ್ಕೆ ಕಲಿಸೋಕೆ ನಮ್ಮ ಹಿರಿಯರು ಏಟು ತಿಂದಿದ್ದಾರೆ. ಹಾಗಿರುವಾಗ 'ಸಾರ್ವಜನಿಕ ಅಹವಾಲು' ಅಂತ ಬೋರ್ಡು ಹಾಕಿದ ಕಡೆ ನಮಗೇನು ಕೆಲಸ ಅಂತ ನಾವೇ ಕೇಳೋದು ಸರಿಯಾ?

ಅರಸು ಸರ್ಕಾರದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದರು. 1973ರ ಬೂಸಾ ಗಲಾಟೆಯಲ್ಲಿ ಅವರ ಮಂತ್ರಿ ಪದವಿಯೇ ಹೋಯ್ತು. ಆಮೇಲೆ 1993ರಲ್ಲಿ, 2013ರಲ್ಲಿ ಕೇಂದ್ರದ ಕಾಯ್ದೆಗಳೂ ಬಂದವು. ಮಲ್ಲೇಶ್ವರದ ಕೆಲವು ಕನ್ಸರ್ವೆನ್ಸಿ ಗಲ್ಲಿಗಳಿಗೆ ಈಚೆಗೆ ಕಲ್ಲು ಹಾಸಿ, ಗೋಡೆಗೆ ಬಣ್ಣ ಬಳಿದು, ಓಡಾಡೋ ದಾರಿ ಮಾಡಿದ್ದಾರೆ. ಒಳ್ಳೇದೇ. ಗಲ್ಲಿ ಬಾಗಿಲಲ್ಲಿ ಇಲ್ಲಿ ಮೊದಲು ಯಾರು ಓಡಾಡ್ತಿದ್ದರು ಅಂತ ಒಂದು ಸಾಲು ಬರೆದಿದ್ರೆ ಇನ್ನೂ ಒಳ್ಳೇದಿತ್ತು.

ಈಗ ಕಾಯ್ದೆಗೆ ಬರೋಣ. ಕಾಯ್ದೆ ಗೊತ್ತಿಲ್ಲದೆ ಕೂಗಿದ್ರೆ ನಮ್ಮ ಗಂಟಲು ಹೋಗ್ತದೆ ಅಷ್ಟೇ.

ಬೆಂಗಳೂರಲ್ಲಿ ರಸ್ತೆ ಅಗಲ ಮಾಡೋಕೆ ಪಾಲಿಕೆ ಹೆಚ್ಚಾಗಿ ಹಿಡಿಯೋ ದಾರಿ ಟಿಡಿಆರ್. ಜಾಗ ಬಿಟ್ಟವರಿಗೆ ದುಡ್ಡಿನ ಬದಲು ಕಟ್ಟಡ ಕಟ್ಟುವ ಹಕ್ಕಿನ ಪತ್ರ ಕೊಡ್ತಾರೆ. ಅದನ್ನ ಅವರು ತಾವೇ ಬಳಸಬಹುದು, ಇಲ್ಲಾ ಮಾರಬಹುದು. ಪತ್ರ ಸಿಗೋದು ಮಾಲೀಕರಿಗೆ. ಆ ಕಟ್ಟಡದಲ್ಲಿ ಬಾಡಿಗೆಗೆ ಇದ್ದ ಟೈಲರ್‌ಗಿಲ್ಲ, ಅದರ ಮುಂದೆ ಚಪ್ಪಲಿ ಹೊಲಿಯುತ್ತಿದ್ದವರಿಗಿಲ್ಲ. ಜಾಗ ದೊಡ್ಡದಾದ್ರೆ ಹಕ್ಕೂ ದೊಡ್ಡದು. ಅರಮನೆ ಮೈದಾನದ ಸುಮಾರು 15 ಎಕರೆಯನ್ನ ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡೋಕೆ ತಗೊಳ್ಳುವ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2024-25ರಲ್ಲಿ ಅದರ ಟಿಡಿಆರ್ ಬೆಲೆ ಮೂರು ಸಾವಿರ ಕೋಟಿ ರೂಪಾಯಿಗೂ ಮೀರ್ತದೆ ಅಂತ ಸರ್ಕಾರವೇ ತಲೆ ಮೇಲೆ ಕೈ ಹೊತ್ತು ಕೂತಿತು. ಅರಮನೆಗೆ ಮೂರು ಸಾವಿರ ಕೋಟಿಯ ಮಾತು. ಹೂವಿನಮ್ಮನಿಗೆ 'ನಿಮ್ಮದೇನು ಹೋಗ್ತದೆ?'

ಆದ್ರೆ 2013ರ ಭೂಸ್ವಾಧೀನ ಕಾಯ್ದೆ ಓದಿ ನೋಡಿ. ಅದರಲ್ಲಿ ತೊಂದರೆಗೊಳಗಾದ ಕುಟುಂಬ ಅಂದ್ರೆ ಜಾಗದ ಮಾಲೀಕರು ಮಾತ್ರ ಅಂತ ಇಲ್ಲ. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಆ ಜಾಗದಲ್ಲಿ ದುಡಿದು, ಅದೇ ದುಡಿಮೆ ಮೇಲೆ ಬದುಕಿದ ಕುಟುಂಬವೂ ಸೇರ್ತದೆ. ಬಾಡಿಗೆಯವರು, ಕೈಕಸುಬಿನವರು ಸೇರ್ತಾರೆ. ಅವರ ಅಹವಾಲು ಕೇಳಬೇಕು ಅಂತಲೂ ಇದೆ. ಟಿಡಿಆರ್ ದಾರಿ ಹಿಡಿದ್ರೆ ಮಾತುಕತೆ ಪಾಲಿಕೆ ಮತ್ತು ಮಾಲೀಕರ ನಡುವೆಯೇ ಮುಗಿದುಹೋಗ್ತದೆ. ಖಾತಾ ಇಲ್ಲದವರು ಕಾಗದದ ಮೇಲೆ ಬರೋದೇ ಇಲ್ಲ.

ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡೋವರೆಗೆ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಜಾಗ ಬದಲಿಸೋದಾದ್ರೆ 30 ದಿನದ ನೋಟೀಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆ ಇಲ್ಲದ ಹಾಗೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು ಇರಬೇಕು, ಪರಿಶಿಷ್ಟರಿಗೂ ಜಾಗ ಇರಬೇಕು. ಅವತ್ತಿನ ಸಭೆಯಲ್ಲಿ ಈ ಸಮಿತಿಯ ಹೆಸರನ್ನ ಒಬ್ಬರೂ ಎತ್ತಲಿಲ್ಲ. ಬೆಂಗಳೂರಲ್ಲಿ 50ಕ್ಕಿಂತ ಹೆಚ್ಚು ಮರ ಕಡಿಯೋದಾದ್ರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು ಅಂತ ಮರಗಳ ಕಾಯ್ದೆಯಲ್ಲಿದೆ. ಮುಂದಿನ ಸಾಲಿನವರಿಗೆ ಅದು ಬಾಯಿಪಾಠ ಬರ್ತಿತ್ತು. ಮರದ ಪರ ವಕೀಲರಿದ್ದರು. ಮರದ ಕೆಳಗೆ ಕೂತವರ ಪರ ಯಾರೂ ಇರಲಿಲ್ಲ.

ಮರದ ಹೋರಾಟಗಾರರ ಮೇಲೆ ನಮಗೆ ಸಿಟ್ಟಿಲ್ಲ. ಅವರಿಂದ ಕಲಿಯಬೇಕು. ಇದೇ ಮಲ್ಲೇಶ್ವರದ ಸ್ಯಾಂಕಿ ಕೆರೆ ಪಕ್ಕದ ರಸ್ತೆ ಅಗಲ ಮಾಡೋಕೆ 2011ರಲ್ಲಿ ಮರ ಕಡಿಯಲು ಹೊರಟಾಗ ಅಲ್ಲಿನ ಜನ ಬೀದಿಗೂ ಇಳಿದರು, ಹೈಕೋರ್ಟಿಗೂ ಹೋದರು. ಮತ್ತೆ ಮೇಲ್ಸೇತುವೆ ಅಂತ ಬಂದಾಗ 2023ರ ಫೆಬ್ರವರಿಯಲ್ಲಿ ಮುದುಕರು ಮಕ್ಕಳೆಲ್ಲ ಮೌನ ಮೆರವಣಿಗೆ ಮಾಡಿದರು. ಫ್ರೀಡಂ ಪಾರ್ಕ್ ಬಿಟ್ಟು ಬೇರೆ ಕಡೆ ಪ್ರತಿಭಟನೆ ಮಾಡಿದ್ರಿ ಅಂತ ಪೊಲೀಸರು ಅವರ ಮೇಲೂ ಕೇಸು ಹಾಕಿದರು. ಆದರೂ ಬಿಡಲಿಲ್ಲ. ಯೋಜನೆ ಆಗ ಮುಂದೆ ಹೋಗಲಿಲ್ಲ. ಕಾಗದ, ಕೋರ್ಟು, ಬೀದಿ ಮೂರನ್ನೂ ಅವರು ಬಿಡಲಿಲ್ಲ ಅನ್ನೋದೇ ಕಾರಣ. ಅವರನ್ನ ನಾವು ಕೇಳೋದು ಇಷ್ಟೇ: ನೀವು 'ನಮ್ಮ ಮಲ್ಲೇಶ್ವರ' ಅಂದಾಗ ಅದರಲ್ಲಿ ಬೆಳಗ್ಗೆ ಐದೂವರೆಗೆ ಪೊರಕೆ ಹಿಡಿದು ಬರೋ ದೊಡ್ಡಮ್ಮ ಇದ್ದಾಳಾ? ಇದ್ದರೆ ಅವಳನ್ನೂ ಮುಂದಿನ ಸಾಲಿಗೆ ಕರೆಯಿರಿ. ನಿಮಗೆ ಬಲವೇ ಹೆಚ್ಚಾಗ್ತದೆ.

ಕೇಳದೆ ಹೋದ್ರೆ ಏನಾಗ್ತದೆ ಅಂತ ಸವಣೂರು ತೋರಿಸಿದೆ. ಹಾವೇರಿ ಜಿಲ್ಲೆಯ ಆ ಊರಲ್ಲಿ ತಲೆಮಾರುಗಳಿಂದ ಮಲ ಬಳಿದ ಕುಟುಂಬಗಳನ್ನ, ವಾಣಿಜ್ಯ ಸಂಕೀರ್ಣ ಕಟ್ಟಬೇಕು ಜಾಗ ಬಿಡಿ ಅಂತ ಪುರಸಭೆ ಎಬ್ಬಿಸೋಕೆ ಹೊರಟಿತು. ಹೇಳಿಕೊಂಡರು, ಅರ್ಜಿ ಕೊಟ್ಟರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2010ರ ಜುಲೈನಲ್ಲಿ ಅವರು ಪುರಸಭೆ ಮುಂದೆ ಮಲವನ್ನ ತಮ್ಮ ಮೈ ಮೇಲೇ ಸುರಿದುಕೊಂಡರು. ಆಗ ನಾಡೆಲ್ಲ ತಿರುಗಿ ನೋಡಿತು. ಒಂದು ಅಹವಾಲು ಕೇಳಿಸೋಕೆ ಮನುಷ್ಯ ಅಷ್ಟರ ಮಟ್ಟಿಗೆ ಹೋಗಬೇಕಾ? ಇದನ್ನ ನೆನೆದಾಗಲೆಲ್ಲ ನಮಗೆ ಊಟ ಸೇರೋದಿಲ್ಲ.

ಕಾರ್ಪೊರೇಟರ್ ಹತ್ರ ಹೋಗಿ ಅಂತ ಕೆಲವರು ಹೇಳ್ತಾರೆ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ, 2025ರಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಆಗುವವರೆಗೂ ಈ ನಗರಕ್ಕೆ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಅಷ್ಟು ವರ್ಷ ಎಲ್ಲ ರಸ್ತೆ ಎಳೆದವರು ಅಧಿಕಾರಿಗಳು. ಅಂಥ ಕಾಲದಲ್ಲಿ ಬಡವನ ಮಾತು ದಾಖಲಾಗೋ ಜಾಗ ಅಂತ ಉಳಿಯೋದು ಈ ಅಹವಾಲು ಸಭೆ ಮಾತ್ರ. ನಾಟಕ ಅಂತೀರಾ? ಬಹಳ ಸಲ ನಾಟಕವೇ. ಆದ್ರೆ ನಾಟಕದಲ್ಲೂ ನಮ್ಮ ಮಾತು ಬರಹದಲ್ಲಿ ಉಳಿದ್ರೆ ನಾಳೆ ಕೋರ್ಟಿನಲ್ಲಿ ಅದೇ ಸಾಕ್ಷಿ. ಪೌರಕಾರ್ಮಿಕರನ್ನ ನೋಡಿ. ಎಷ್ಟೋ ವರ್ಷ ಕಂಟ್ರಾಕ್ಟರ ಕೈಯಲ್ಲಿ ನರಳಿ, ಅರ್ಜಿ ಬರೆದು, 2022ರಲ್ಲಿ ಪೊರಕೆ ಕೆಳಗಿಟ್ಟು ಕೂತು, ಕೊನೆಗೆ 2025ರ ಮೇ 1ರಂದು ಬೆಂಗಳೂರಿನ 12,692 ಜನಕ್ಕೆ ಕಾಯಂ ಆದೇಶ ಬಂತು. ಅದು ಯಾರೂ ಕರುಣೆಯಿಂದ ಕೊಟ್ಟದ್ದಲ್ಲ.

ಅವತ್ತು ನಾವು ಏನು ಮಾಡಿದ್ವಿ ಅಂತ ಹೇಳಿ ಮುಗಿಸ್ತೀವಿ. ಖಾತಾ ನಂಬರ್ ಅನ್ನೋ ಜಾಗದಲ್ಲಿ 'ಇಲ್ಲ, ಮೂವತ್ತು ವರ್ಷದಿಂದ ಇಲ್ಲೇ ವ್ಯಾಪಾರ' ಅಂತ ಬರೆದ್ವಿ. ಕೆಳಗೆ ಹೂವಿನಮ್ಮ ಹೆಬ್ಬೆಟ್ಟು ಒತ್ತಿದರು. ಆಮೇಲೆ ಇಸ್ತ್ರಿ ಗಾಡಿಯವರು ಬಂದರು, ಎಳನೀರಿನವರು ಬಂದರು. ಒಟ್ಟು ಹನ್ನೊಂದು ಫಾರಂ ಬರೆದ್ವಿ. ದೊಡ್ಡಮ್ಮ ಬರೆಸಲಿಲ್ಲ. 'ಮೇಸ್ತ್ರಿ ನೋಡ್ತಾವ್ನೆ, ಬೇಡ ಮಗ' ಅಂದರು. ಅದನ್ನೂ ಇಲ್ಲಿ ಬರೆಯಲೇಬೇಕು. ಫಾರಂ ತಗೊಳ್ಳೋಕೆ ಮೊದಲು ಹಿಂದೆ ಮುಂದೆ ನೋಡಿದರು. ಸೀಲು ಹಾಕಿ ರಶೀದಿ ಕೊಡದೆ ಹೋಗೋದಿಲ್ಲ ಅಂತ ನಿಂತ್ವಿ. ಕೊಟ್ಟರು. ರಸ್ತೆ ಏನಾಗ್ತದೋ ಇನ್ನೂ ಗೊತ್ತಿಲ್ಲ.

ಗೆಳೆಯರೇ, ನೀವು ಓದ್ತಿರೋದು ಕಾನೂನೋ, ಇಂಜಿನಿಯರಿಂಗೋ, ಬಿ.ಎ.ನೋ, ಏನೇ ಇರಲಿ. ನಿಮ್ಮ ಹಾಸ್ಟೆಲ್ ಇರೋ ವಾರ್ಡಿನ ಆಫೀಸಿಗೆ ವಾರಕ್ಕೊಂದು ಸಲ ಹೋಗಿ ನೋಟೀಸ್ ಬೋರ್ಡು ನೋಡಿ. ಇಂಗ್ಲಿಷಿನಲ್ಲಿದ್ರೆ ಕನ್ನಡದಲ್ಲಿ ಬರೆದು ಗಾಡಿಯವರಿಗೆ, ಗುಡಿಸೋರಿಗೆ ಓದಿ ಹೇಳಿ. ಸಭೆ ಇದ್ರೆ ಅವರ ಜೊತೆ ಹೋಗಿ, ಅವರ ಮಾತನ್ನ ಅವರದೇ ಮಾತಲ್ಲಿ ಬರೆದುಕೊಡಿ, ರಶೀದಿ ಇಸ್ಕೊಳ್ಳಿ. ಸಭೆಯ ನಡಾವಳಿಯಲ್ಲಿ ಅದು ಸೇರಿದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ನಮ್ಮಪ್ಪ ಅಮ್ಮ ಅಕ್ಷರ ಇಲ್ಲದೆ ಬಾಗಿಲಾಚೆ ನಿಂತರು. ನಮಗೆ ಅಕ್ಷರ ಬಂದಿದೆ. ಹಾಸ್ಟೆಲ್ ಅನ್ನ ತಿಂದು ಕಲಿತ ಆ ಅಕ್ಷರದಲ್ಲಿ ಮೊದಲು ಇಂಥ ಒಂದು ಫಾರಂ ತುಂಬೋಣ.

ಮುಂದಿನ ಸಭೆಗೆ ಐದಲ್ಲ, ಐವತ್ತು ಜನ ಬನ್ನಿ.

ಜೈಭೀಮ್.