ಸೀತಾಳೆಗೆ ಬಂದಳಿಕೆ ಅನ್ನಬೇಡಿ

ನಮ್ಮೂರು ಕಾಯ್ಕಿಣಿ ಅಂತ ಹೇಳಿದ ಕೂಡ್ಲೆ ಬೆಂಗಳೂರಲ್ಲಿ ಬರೋ ಮೊದಲ ಪ್ರಶ್ನೆ, 'ಜಯಂತ ಕಾಯ್ಕಿಣಿ ನಿಮಗೆ ಏನಾಗ್ಬೇಕು?' ಏನೂ ಆಗ್ಬೇಕಾಗಿಲ್ಲ ಮಾರಾಯ್ರೆ. ಅವರಿಗೆ ಅದು ಅಡ್ಡಹೆಸರು, ನನಗೆ ಊರು. ಅವರು ಗೋಕರ್ಣದವರು, ನಾನು ಭಟ್ಕಳ ತಾಲೂಕಿನಲ್ಲಿ ಮುರ್ಡೇಶ್ವರದ ಪಕ್ಕಕ್ಕಿರೋ ಕಾಯ್ಕಿಣಿಯವನು. ಹೆಸರು ಒಂದೇ ಇದ್ದ ಮಾತ್ರಕ್ಕೆ ನೆಂಟಸ್ತಿಕೆ ಇರ್ಬೇಕಂತಿಲ್ಲ. ನೆಂಟರಿಗೆಲ್ಲ ಒಂದೇ ಹೆಸರು ಇರ್ಬೇಕಂತಲೂ ಇಲ್ಲ. ಇಷ್ಟು ಒಪ್ಪಿಕೊಂಡ್ರೆ ಇವತ್ತಿನ ನನ್ನ ಜಗಳದ ಅರ್ಧ ನಿಮಗೆ ಅರ್ಥ ಆದ ಹಾಗೆ.

ಜಗಳ ಶುರುವಾದದ್ದು ಆಫೀಸಿನ ಊಟದ ಟೇಬಲ್ಲಲ್ಲಿ. ಊರಿಂದ ಬಂದವನು ಮೊಬೈಲಲ್ಲಿ ನಮ್ಮನೆ ಮಾವಿನ ಮರದ ಸೀತಾಳೆ ದಂಡೆಯ ಫೋಟೊ ತೋರಿಸ್ತಾ ಇದ್ದೆ. ಮೇ ಕೊನೆ, ಮಳೆ ಇನ್ನೇನು ಬರ್ತದೆ ಅನ್ನೋ ಹೊತ್ತಿಗೆ ಬಿಳಿಗೆ ನಸುನೇರಳೆ ಚುಕ್ಕಿ ಇಟ್ಟ ಹೂವಿನ ಗೊಂಚಲು ನರಿಬಾಲದ ಹಾಗೆ ಜೋತುಬಿದ್ದಿರ್ತದೆ. ನಮ್ಮ ಕಡೆ ಮಲ್ಲಿಗೆ ದಂಡೆ ಅಂದ್ರೆ ಮುಡಿಯೋ ಮಾಲೆ. ಇದು ಮರವೇ ಕಟ್ಟಿಕೊಂಡ ದಂಡೆ, ಸೀತೆ ಮುಡಿದದ್ದಂತೆ. ನಾನು ಹೆಸರು ಹೇಳಿದೆ, 'ರಿಂಕೊಸ್ಟೈಲಿಸ್ ರೆಟ್ಯೂಸಾ.' ಪಕ್ಕದಲ್ಲಿದ್ದವ ನಕ್ಕ. 'ಆರ್ಕಿಡ್ ಅನ್ನೋದು ಬಿಟ್ಟು ಇಷ್ಟುದ್ದ ಎಂತಕ್ಕೆ? ಈ ಕಾಲದಲ್ಲಿ ಟ್ಯಾಕ್ಸಾನಮಿ ಗುಮಾಸ್ತರ ಕೆಲಸ. ಡಿಎನ್ಎ ಹಾಕಿ ಎಂಟರ್ ಒತ್ತಿದ್ರೆ ಮುಗೀತು.' ಎದುರಿಗಿದ್ದವನದ್ದು ಇನ್ನೊಂದು ರಾಗ: 'ಲ್ಯಾಟಿನ್ ಹೆಸರೆಲ್ಲ ಬಿಳಿಯರ ಸೊಕ್ಕು. ನಮ್ಮ ಹಿರಿಯರಿಗೆ ಎಲ್ಲ ಮೊದಲೇ ಗೊತ್ತಿತ್ತು.'

ಇಬ್ಬರಿಗೂ ಅವತ್ತು ಸರಿಯಾಗಿ ಉತ್ತರ ಕೊಡೋಕೆ ಆಗ್ಲಿಲ್ಲ. ಎರಡು ಗಂಟೆಗೆ ರಿಲೀಸ್ ಕಾಲ್ ಇತ್ತು. ಈಗ ಕೊಡ್ತೇನೆ.

ಮೊದಲು ನಮ್ಮ ಹಿರಿಯರ ವಿಷಯವೇ ಆಗ್ಲಿ. ನಮ್ಮಪ್ಪ ಒಳ್ಳೇ ಕೃಷಿಕ. ಯಾವ ತೆಂಗಿನ ಬುಡಕ್ಕೆ ಎಷ್ಟು ಗೊಬ್ಬರ ಬಿತ್ತು ಅಂತ ಬಾಯಲ್ಲೇ ಲೆಕ್ಕ ಇಟ್ಟವರು. ಆದರೆ ನಾನು ಹೈಸ್ಕೂಲಲ್ಲಿ ಇದ್ದಾಗ ಒಂದು ಬೇಸಿಗೆ, ಮಾವಿನ ಮರಕ್ಕೆ ಬಂದಳಿಕೆ ಜಾಸ್ತಿ ಆಯ್ತು ಅಂತ ಆಳು ಹತ್ತಿಸಿ ಮರ ಪೂರ್ತಿ ಹೆರೆಸಿದರು. ಬಂದಳಿಕೆಯ ಜೊತೆ ನಾಲ್ಕು ಬುಡ ಸೀತಾಳೆಯೂ ಕೆಳಗೆ ಬಿತ್ತು. ಎಲ್ಲವನ್ನೂ ಒಟ್ಟುಮಾಡಿ ಗೊಬ್ಬರಗುಂಡಿಗೆ ಹಾಕಿದ್ದು ನಾನೇ. ಮರದ ಮೇಲೆ ಕೂತು ಮರದ್ದಲ್ಲದ ಎಲೆ ಬಿಟ್ಟದ್ದೆಲ್ಲ ಬಂದಳಿಕೆ ಅನ್ನೋದು ನಮ್ಮನೆಯ ವರ್ಗೀಕರಣ. ನಿಜವಾದ ಬಂದಳಿಕೆ ಕೊಂಬೆಯ ಒಳಗೇ ಬೇರು ಇಳಿಸಿ ಮರದ ರಸ ಹೀರ್ತದೆ. ಸೀತಾಳೆ ಹಾಗಲ್ಲ. ಅದರ ದಪ್ಪ ಬೂದುಬಿಳಿ ಬೇರು ತೊಗಟೆಯನ್ನು ಅಪ್ಪಿ ಹಿಡಿದಿರ್ತದೆ ಅಷ್ಟೇ. ಬೇರಿನ ಮೇಲೆ ಸ್ಪಂಜಿನಂಥ ಒಂದು ಪದರ ಇದೆ. ಮಳೆನೀರನ್ನೂ ಅದರಲ್ಲಿ ಕರಗಿ ಬರೋ ಚೂರುಪಾರು ಪೋಷಕಾಂಶವನ್ನೂ ಆ ಪದರ ಹೀರಿಕೊಳ್ತದೆ. ಮರದಿಂದ ಕೇಳೋದು ಕೂರೋಕೆ ಜಾಗ, ಒಂದಿಷ್ಟು ಬೆಳಕು. ಬಾಡಿಗೆ ಕೊಡೋದಿಲ್ಲ ನಿಜ, ಆದರೆ ಅಡುಗೆಮನೆಗೆ ನುಗ್ಗೋದಿಲ್ಲ.

ವರ್ಗೀಕರಣ ಗುಮಾಸ್ತರ ಕೆಲಸ ಅನ್ನುವವರು ಆ ಗೊಬ್ಬರಗುಂಡಿಯನ್ನ ನೋಡ್ಬೇಕಿತ್ತು. ಅಲ್ಲಿ ಬಿದ್ದ ಒಂದೊಂದು ಬುಡದ ಹಿಂದೆ ವರ್ಷಗಟ್ಟಲೆ ಕಾಲ ಇದೆ. ಆರ್ಕಿಡ್ಡಿನ ಬೀಜ ಧೂಳಿನ ಹಾಗೆ, ಒಂದು ಕಾಯಿ ಒಡೆದರೆ ಗಾಳಿಯ ತುಂಬ ಬೀಜ. ಆದರೆ ಆ ಬೀಜದಲ್ಲಿ ಬುತ್ತಿ ಇಲ್ಲ. ಬತ್ತಕ್ಕೆ, ತೆಂಗಿಗೆ ತಾಯಿ ಕಟ್ಟಿಕೊಟ್ಟ ಆಹಾರ ಇರ್ತದಲ್ಲ, ಅದು ಇದಕ್ಕಿಲ್ಲ. ಸರಿಯಾದ ಶಿಲೀಂಧ್ರ ಇರೋ ತೊಗಟೆಯ ಬಿರುಕಿಗೇ ಹೋಗಿ ಬೀಳ್ಬೇಕು, ಆ ಶಿಲೀಂಧ್ರ ಉಣಿಸ್ಬೇಕು, ಆಮೇಲೆ ಮೊಳಕೆ. ಅಂಥ ನಾಲ್ಕನ್ನ ನಾವು ಒಂದು ಮಧ್ಯಾಹ್ನ ಮುಗಿಸಿದೆವು, ಗುಂಪು ತಪ್ಪಾಗಿದ್ದಕ್ಕೆ.

ಹಾಗಂತ ಹಿರಿಯರಿಗೆ ಏನೂ ಗೊತ್ತಿರಲಿಲ್ಲ ಅಂತಲ್ಲ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 'ಹೊರ್ತುಸ್ ಮಲಬಾರಿಕುಸ್' ಅಂತ ಹನ್ನೆರಡು ಸಂಪುಟ ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯ್ತು. ಅದರ ಹಿಂದೆ ಇದ್ದವರು ಈಳವ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ವೈದ್ಯರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ. ಈ ಮೂವರ ಪ್ರಮಾಣಪತ್ರ ಕೊಂಕಣಿಯಲ್ಲೇ, ನಾಗರಿ ಅಕ್ಷರದಲ್ಲಿ, ಮೊದಲ ಸಂಪುಟದಲ್ಲಿದೆ. ನಮ್ಮೂರಲ್ಲಿ ಅರ್ಧ ಪೇಟೆ ಇವತ್ತಿಗೂ ಮಾತಾಡೋ ಭಾಷೆ ಅದು! ಅವರು ಮರದ ಮೇಲಿನ ಆರ್ಕಿಡ್ಡುಗಳಿಗೆಲ್ಲ 'ಮರವಾಳ' ಅಂದರು. ಯಾವ ಮರದ ಮೇಲೆ ಅನ್ನೋದನ್ನ ಮುಂದೆ ಸೇರಿಸಿದರು. ಕಾಸರಕನ ಮರದ್ದು ಕಾಂಜಿರಂ ಮರವಾಳ. ಹೆಬ್ಬಲಸಿನದ್ದು ಆಂಜಿಲಿ ಮರವಾಳ. ಈ ಆಂಜಿಲಿ ಮರವಾಳ ಅಂದ್ರೆ ನಮ್ಮ ಸೀತಾಳೆಯೇ.

1753ರಲ್ಲಿ ಲಿನೇಯಸ್, ಭಾರತಕ್ಕೆ ಕಾಲಿಡದವ, ಆ ಪುಸ್ತಕದ ಚಿತ್ರ ನೋಡಿಕೊಂಡು ಅದಕ್ಕೆ 'ಎಪಿಡೆಂಡ್ರಂ ರೆಟ್ಯೂಸಂ' ಅಂತ ಹೆಸರಿಟ್ಟ. ಎಪಿಡೆಂಡ್ರಂ ಅಂದ್ರೆ ಮರದ ಮೇಲಿನದು. ಅಂದರೆ ಯುರೋಪಿನ ಮಹಾಪಂಡಿತನೂ ನಮ್ಮ ವೈದ್ಯರೂ ನಿಂತದ್ದು ಒಂದೇ ಮೆಟ್ಟಿಲಲ್ಲಿ. ಮರ ಹತ್ತಿದ್ದೆಲ್ಲ ಒಂದು ಗುಂಪು. ನಮ್ಮಪ್ಪನೂ ಅಲ್ಲೇ ಇದ್ದರು, ಪಾಪ, ಅವರ ಕೈಗೆ ಕತ್ತಿಯೂ ಇತ್ತು ಅಷ್ಟೇ ವ್ಯತ್ಯಾಸ.

ವ್ಯತ್ಯಾಸ ಶುರುವಾಗೋದು ಅಲ್ಲಿಂದ ಮುಂದೆ. ಆಂಜಿಲಿ ಮರವಾಳ ನಮ್ಮ ಕಡೆ ಆ ಹೆಸರಲ್ಲೇ ನಿಂತುಹೋಯ್ತು. ಎಪಿಡೆಂಡ್ರಂ ನಿಲ್ಲಲಿಲ್ಲ. ಹೂವಿನ ಒಳಗೆ ಕಣ್ಣು ಹಾಕಿದವರು ಇದು ಆ ಗುಂಪಿನದ್ದಲ್ಲ ಅಂದರು. ಒಬ್ಬರು ಲಿಮೊಡೋರಂ ಅಂದರು, ಮತ್ತೊಬ್ಬರು ಏರಿಡಿಸ್, ಮಗದೊಬ್ಬರು ಸ್ಯಾಕೊಲೇಬಿಯಂ. ಕೊನೆಗೆ ಬ್ಲೂಮ್ ಅನ್ನುವವ ರಿಂಕೊಸ್ಟೈಲಿಸ್‌ಗೆ ಸೇರಿಸಿದ. ಹೂವಿನ ನಡುವಿನ ಕಂಬಕ್ಕೆ ಕೊಕ್ಕು ಇರೋದ್ರಿಂದ ಆ ಹೆಸರು. ಇಷ್ಟೆಲ್ಲ ಮನೆ ಬದಲಾಯಿಸಿದರೂ 'ರೆಟ್ಯೂಸ' ಅನ್ನೋ ಬಾಲ ಮಾತ್ರ ಜೊತೆಗೇ ಬಂತು. ಎಲೆಯ ತುದಿ ಯಾರೋ ಕಚ್ಚಿದ ಹಾಗೆ ಮೊಂಡಾಗಿದೆ ಅಂತ ಅದರರ್ಥ. ಪೂರ್ತಿ ಹೆಸರು ಬರೆಯುವಾಗ ಕಂಸದೊಳಗೆ ಎಲ್. ಅಂತ ಒಂದಕ್ಷರ, ಹೊರಗೆ ಬ್ಲೂಮ್. ಮೊದಲು ಇಟ್ಟವ ಯಾರು, ಈಗಿನ ಮನೆಗೆ ತಂದವ ಯಾರು, ಎರಡೂ ಹೆಸರಲ್ಲೇ ಇದೆ. ನಾವು ಕೋಡ್ ಬರೆಯೋರು ಕಮಿಟ್ ಹಿಸ್ಟರಿ ಅಂತ ಬೀಗ್ತೇವಲ್ಲ, ಇವರು ಅದನ್ನ ಶತಮಾನಗಳಿಂದ ಮಾಡ್ತಾ ಇದ್ದಾರೆ. ನಮ್ಮನೆ ಮುಂದಿನ ಹೆದ್ದಾರಿ 17 ಅಂತ ಇದ್ದದ್ದು 66 ಆದದ್ದಕ್ಕೆ ಅಂಥ ಕಂಸವೂ ಇಲ್ಲ. ಊರವರು ಇನ್ನೂ ಹದಿನೇಳು ಅಂತಲೇ ಹೇಳೋದು.

ಬಿಳಿಯರ ಸೊಕ್ಕು ಅನ್ನುವ ಗೆಳೆಯನಿಗೆ ನಾನು ಹೇಳೋದು ಇಷ್ಟೇ. ಸೊಕ್ಕು ಇತ್ತು, ಹೌದು. ರಂಗಭಟ್ಟರ ಹೆಸರು ಯಾವ ಕಂಸದಲ್ಲೂ ಇಲ್ಲ. ಆದರೆ ಅವರು ಬಿಟ್ಟ ಜಾಗದಿಂದ ಮುಂದಕ್ಕೆ ಒಯ್ಯದೆ ಇದ್ದದ್ದು ನಾವು. ಸುಮ್ಮನೆ ಹೆಮ್ಮೆಪಟ್ಟುಕೊಂಡು ಕೂತರೆ ಸೀತಾಳೆಗೆ ಏನು ಬಂತು?

ಇನ್ನು ಡಿಎನ್ಎ ಎಂಟರ್ ಒತ್ತುವವನ ಸರದಿ. 2003ರ ಸುಮಾರು ವೆನಿಲಾ ಹುಚ್ಚು ಹಿಡಿದದ್ದು ನೆನಪಿರ್ಬೇಕು. ಹಸಿ ಕೋಡು ಕಿಲೋಗೆ ಸಾವಿರಗಳ ಲೆಕ್ಕ, ರಾತ್ರಿ ಟಾರ್ಚು ಹಿಡಿದು ತೋಟ ಕಾಯೋದು, ಆಮೇಲೆ ಒಂದೆರಡು ವರ್ಷಕ್ಕೆ ರೇಟು ಬಿದ್ದು ಬಳ್ಳಿಯನ್ನೇ ಕಿತ್ತು ಹಾಕಿದ್ದು. ಶಿರಸಿ ಕಡೆ ನಮ್ಮ ಮಾವನ ತೋಟದಲ್ಲಿ ನಾನೂ ರಜೆಯಲ್ಲಿ ಬೆಳಿಗ್ಗೆ ಎದ್ದು ಹೂವಿಗೆ ಪರಾಗಸ್ಪರ್ಶ ಮಾಡಿದ್ದೇನೆ. ಹೂವು ಅರಳಿರೋದು ಒಂದೇ ದಿನ. ಹಿಡಿಕಡ್ಡಿ ಚೂಪು ಮಾಡಿಕೊಂಡು, ಒಳಗಿನ ಸಣ್ಣ ಪರದೆಯನ್ನ ಎತ್ತಿ, ಹೆಬ್ಬೆರಳಲ್ಲಿ ಪರಾಗವನ್ನ ಒತ್ತಬೇಕು. ಈ ಉಪಾಯ 1841ರಲ್ಲಿ ಕಂಡುಹಿಡಿದವ ರಿಯೂನಿಯನ್ ದ್ವೀಪದ ಎಡ್ಮಂಡ್, ಹನ್ನೆರಡು ವರ್ಷದ ಗುಲಾಮ ಹುಡುಗ. ಅಡ್ಡಹೆಸರು ಸಿಕ್ಕಿದ್ದೇ ಗುಲಾಮಗಿರಿ ಹೋದ ಮೇಲೆ. ಅವನಿಗೆ ಕಲಿಸಿದ್ದು ನಾನೇ ಅಂತ ಒಬ್ಬ ಸಸ್ಯಶಾಸ್ತ್ರಜ್ಞ ಆಮೇಲೆ ಹಕ್ಕು ಹೇಳಿದ. ಎಡ್ಮಂಡ್ ಸತ್ತದ್ದು ಬಡತನದಲ್ಲಿ.

ವೆನಿಲಾನೂ ಆರ್ಕಿಡ್ಡೇ. ನೋಡೋಕೆ ಕಾಳುಮೆಣಸಿನ ಬಳ್ಳಿಯ ಅಣ್ಣನ ಹಾಗಿದೆ, ಆದರೆ ಹೂವಿನೊಳಗೆ ಸೀತಾಳೆಯ ಹಾಗೇ ಒಂದೇ ಪರಾಗಕೋಶ. ಆದ್ದರಿಂದ ಇವೆರಡನ್ನೂ ಬಹುಕಾಲ ಒಂದೇ ದೊಡ್ಡ ಉಪಕುಟುಂಬದಲ್ಲಿ ಇಟ್ಟಿದ್ದರು. 1999ರಲ್ಲಿ ಆರ್ಕಿಡ್ಡುಗಳ ಒಂದು ಜೀನನ್ನು ಹೋಲಿಸಿ ನೋಡಿದಾಗ ವೆನಿಲಾ ಬಹಳ ಹಿಂದೆಯೇ ಟಿಸಿಲೊಡೆದ ಬೇರೆ ಕೊಂಬೆ ಅಂತ ಕಂಡಿತು. ಎರಡು ಪರಾಗಕೋಶದ ಚಪ್ಪಲಿ ಆರ್ಕಿಡ್ಡುಗಳು ಸೀತಾಳೆಗೆ ವೆನಿಲಾಕ್ಕಿಂತ ಹತ್ತಿರದ ನೆಂಟರು. ಅಂದರೆ ಒಂದೇ ಪರಾಗಕೋಶಕ್ಕೆ ಇಳಿಯೋದು ಆರ್ಕಿಡ್ ವಂಶದಲ್ಲಿ ಬೇರೆಬೇರೆಯಾಗಿ ಎರಡು ಸಲ ಆಗಿದೆ. ಕಾಯ್ಕಿಣಿಯೂ ಕಾಯ್ಕಿಣಿಯೂ ಬೇರೆ ಅಂತ ನಾನು ಶುರುವಿನಲ್ಲೇ ಹೇಳಿದೆನಲ್ಲ, ಅದೇ ಇದು.

ನೋಡಿದ್ಯಾ, ಡಿಎನ್ಎ ಗೆದ್ದಿತು ಅಂತೀರಾ? ಎಂತ ಗೆದ್ದದ್ದು! ಪರಾಗಕೋಶ ಎಷ್ಟು ಅಂತ ಯಾರೋ ಒಬ್ಬ ಹೂವು ಸೀಳಿ ಎಣಿಸಿ ಬರೆದಿಡದಿದ್ದರೆ, 'ಎರಡು ಸಲ ಆಗಿದೆ' ಅನ್ನೋ ಮಾತಿಗೇ ಅರ್ಥ ಇರ್ತಿರಲಿಲ್ಲ. ಅನುಕ್ರಮ ಕೊಡೋದು ಅಕ್ಷರಗಳನ್ನ. ಯಾವ ಗಿಡದ ಎಲೆಯನ್ನ ಯಂತ್ರಕ್ಕೆ ಹಾಕಿದ್ದು ಅಂತ ಗುರುತು ಹಿಡಿಯೋದಕ್ಕೆ ಮನುಷ್ಯನೇ ಬೇಕು. ತಪ್ಪು ಲೇಬಲ್ ಇದ್ದ ಡೇಟಾ ಇಟ್ಟುಕೊಂಡು ಏನಾಗ್ತದೆ ಅಂತ ನಮ್ಮ ಧಂಧೆಯವರಿಗೆ ನಾನು ಹೇಳಿಕೊಡಬೇಕಾ?

ಹೂವು ಸೀಳಿ ನೋಡಿದವರಲ್ಲಿ ಡಾರ್ವಿನ್ ಒಬ್ಬ. 1862ರಲ್ಲಿ ಆರ್ಕಿಡ್ಡುಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಹೂವಿನೊಳಗಿನ ನಾಳಗಳ ಜಾಡು ಹಿಡಿದು, ಈಗ ಕಂಬವಾಗಿ ಬೆಸೆದುಹೋಗಿರೋದು ಹಿಂದೆ ಬಿಡಿಬಿಡಿ ಕೇಸರಗಳಾಗಿದ್ದವು ಅಂತ ವಾದಿಸಿದ. ಅದೇ ನಾಳಗಳ ಬಗ್ಗೆ 1948ರಲ್ಲಿ ಸವಿಸ್ತಾರವಾಗಿ ಬರೆದವರು ಯಾರು ಗೊತ್ತಾ? ನಮ್ಮ ಬಿ.ಜಿ.ಎಲ್. ಸ್ವಾಮಿ. 'ಹಸುರು ಹೊನ್ನು' ಓದಿ ಬಿದ್ದುಬಿದ್ದು ನಕ್ಕವರು, ಅದಕ್ಕೆ ಅಕಾಡೆಮಿ ಪ್ರಶಸ್ತಿ ಬಂದದ್ದನ್ನ ಹೇಳುವವರು ಸಾವಿರ ಜನ ಇದ್ದಾರೆ. ಆ ಮನುಷ್ಯ ಆರ್ಕಿಡ್ಡಿನ ಭ್ರೂಣದ ಮೇಲೆ ಜಗತ್ತೇ ಓದೋ ಕೆಲಸ ಮಾಡಿದರು ಅಂತ ನನಗೆ ಬಿಇ ಮುಗಿಯೋವರೆಗೂ ಯಾರೂ ಹೇಳಲಿಲ್ಲ. ಪಿಯುಸಿಯಲ್ಲಿ ಆರ್ಕಿಡೇಸಿ ಅಂತ ಒಂದು ಶಬ್ದ ಉರುಹೊಡೆದಿದ್ದೆ. ಕಿಟಕಿಯಾಚೆಯ ಮರದಲ್ಲಿ ಅದು ಜೋತಾಡ್ತಾ ಇದೆ ಅಂತ ಪಾಠ ಮಾಡಿದವರೂ ತೋರಿಸಲಿಲ್ಲ, ನಾನೂ ತಲೆ ಎತ್ತಲಿಲ್ಲ. ನಮ್ಮ ಜಿಲ್ಲೆ 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿದ್ದದ್ದರಿಂದ ಇಲ್ಲಿನ ಗಿಡಗಳ ಹಳೇ ದಾಖಲೆಯೆಲ್ಲ ಬಾಂಬೆ ಅನ್ನೋ ಶೀರ್ಷಿಕೆಯ ಕೆಳಗಿದೆ. ಕನ್ನಡದಲ್ಲಿ ಹುಡುಕುವ ಹುಡುಗನಿಗೆ ಅದೂ ಸಿಕ್ಕೋದಿಲ್ಲ.

ಇದೆಲ್ಲ ಓದಿನ ಮಾತಾಯ್ತು ಅಂತೀರಾದರೆ ಕಾನೂನಿಗೆ ಬನ್ನಿ. 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ಗಿಡಗಳ ಒಂದು ಅನುಸೂಚಿ ಸೇರಿಸಿದರು. ಅದರಲ್ಲಿ ಇದ್ದದ್ದು ಒಟ್ಟು ಆರು ಹೆಸರು. ಆರರಲ್ಲಿ ಮೂರು ಆರ್ಕಿಡ್: ನೀಲಿ ವಾಂಡಾ, ಕೆಂಪು ವಾಂಡಾ, ಚಪ್ಪಲಿ ಆರ್ಕಿಡ್. ಹೆಚ್ಚಿನವು ಈಶಾನ್ಯದವು. ಸೀತಾಳೆ ಅಸ್ಸಾಂಗೂ ಅರುಣಾಚಲಕ್ಕೂ ರಾಜ್ಯಪುಷ್ಪ. ಅಲ್ಲಿ ಬಿಹು ಹಬ್ಬಕ್ಕೆ ಹುಡುಗಿಯರು ಮುಡೀತಾರೆ. ಆ ಆರರ ಪಟ್ಟಿಯಲ್ಲಿ ಅದಕ್ಕೆ ಸಾಲಿರಲಿಲ್ಲ. ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ವೃಕ್ಷಕ್ಕೆ. ವೃಕ್ಷದ ಮೇಲೆ ಕೂತವರಿಗಲ್ಲ.

ಹೆದ್ದಾರಿ ಅಗಲ ಮಾಡೋಕೆ ಬಸ್ತಿಯ ಹತ್ತಿರ ಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದಾಗ ನಾನು ಊರಲ್ಲಿದ್ದೆ. ಒಂದು ಮುದಿ ಮಾವಿನ ಮೇಲೆ ಸೀತಾಳೆ ಏಳು ಬುಡ ಎಣಿಸಿದೆ. ಇನ್ನೆರಡು ಜಾತಿಯ ಆರ್ಕಿಡ್ಡೂ ಇದ್ದವು, ಹೂವಿಲ್ಲದ್ದರಿಂದ ಯಾವುದು ಅಂತ ತಿಳೀಲಿಲ್ಲ. ಪಟ್ಟಿ ಹಿಡಿದವರನ್ನ ಕೇಳಿದೆ. 'ಮಾವು ಒಂದು' ಅಂತ ಬರೆದಿದ್ದರು, ಸುತ್ತಳತೆ ಸಮೇತ. ಮೇಲಿರೋದನ್ನ ಎಲ್ಲಿ ಬರೀತೀರಿ ಅಂದ್ರೆ, 'ಬಂದಳಿಕೆಗೆ ಕಾಲಂ ಇಲ್ಲ' ಅಂದರು. ಅವರ ತಪ್ಪಲ್ಲ. ನಮ್ಮಪ್ಪ ಕೊಡಬಹುದಾಗಿದ್ದ ಉತ್ತರವೇ ಅದು.

ಮರ ಬಿದ್ದ ದಿನ ಅಪ್ಪ ಫೋನ್ ಮಾಡಿದರು. ತೆಂಗಿನ ಹಗ್ಗ ತಗೊಂಡು ಹೋಗಿ ಮೂರು ಬುಡ ಬಿಡಿಸಿಕೊಂಡು ಬಂದಿದ್ದರಂತೆ, ಹಲಸಿನ ಮರಕ್ಕೆ ಕಟ್ಟಿದ್ದರಂತೆ. 'ಬೇರು ಎಷ್ಟು ಬಿಗಿಯಾಗಿ ಕಟ್ಬೇಕು?' ಅಂತ ಕೇಳಿದರು. ನನಗೂ ಗೊತ್ತಿರಲಿಲ್ಲ. ಒಂದು ವರ್ಷದ ಹಿಂದೆ ನಾನು ಬೆಂಗಳೂರಿನ ಬಾಲ್ಕನಿಗೆ ತಂದಿದ್ದ ಬುಡ ಕೊಳೆತು ಸತ್ತಿತ್ತು. ಅದನ್ನ ಅಪ್ಪನಿಗೆ ಹೇಳಿರಲಿಲ್ಲ.

ಈ ಮೇ ಕೊನೆಗೆ ಊರಿಗೆ ಹೋಗುವವರು ಕಿತ್ತು ತರಬೇಡಿ. ಫೋಟೊ ತೆಗೆಯಿರಿ. ಹೂವಿನದ್ದು ಮಾತ್ರ ಅಲ್ಲ, ಎಲೆಯ ತುದಿಯದ್ದೂ ತೆಗೆಯಿರಿ. ಯಾವ ಮರ, ಯಾವ ಊರು, ಯಾವ ತಾರೀಕು ಅಂತ ಬರೆದಿಡಿ. ಮರಕ್ಕೆ ನಂಬರು ಬಿದ್ದಿದ್ದರೆ ಆ ನಂಬರನ್ನೂ ಬರೆಯಿರಿ.