ಮನಸ್ಸಿನ ದಣಿವಿಗೂ ಒಂದು ಅಳತೆ ಬೇಕು



ಅಳತೆಯಿಲ್ಲದೆ ಬೇಸಾಯವಿಲ್ಲ. ಹಾಸನದವರು ಬಿತ್ತನೆ ಆಲೂಗಡ್ಡೆಯನ್ನು ಗಾತ್ರ ನೋಡಿ ಕೊಳ್ಳುತ್ತೀರಿ. ಹೊಳೆನರಸೀಪುರದವರು ಗೊರೂರು ಅಣೆಕಟ್ಟಿನ ನೀರಿನ ಮಟ್ಟ ಕೇಳಿಕೊಂಡು ಭತ್ತದ ಸಸಿಮಡಿ ಮಾಡುತ್ತೀರಿ. ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರರು ರಾತ್ರಿ ಎದ್ದೆದ್ದು ಬ್ಯಾರನ್ನಿನ ಶಾಖ ನೋಡುತ್ತೀರಿ. ಚನ್ನರಾಯಪಟ್ಟಣದವರು ಡೇರಿಯಲ್ಲಿ ಹಾಲಿನ ಜಿಡ್ಡು ಅಳೆಸುತ್ತೀರಿ. ಆದರೆ ಇಷ್ಟನ್ನೂ ನೋಡಿಕೊಳ್ಳುವ ಮನಸ್ಸು ಎಷ್ಟು ದಣಿದಿದೆ ಎಂದು ಅಳೆದವರುಂಟೆ?

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತು. 2021ರ ಬೇಸಿಗೆಯಲ್ಲಿ ಕೊರೊನಾದ ಎರಡನೆಯ ಅಲೆ ಬಂತು. ಆಗ ಜ್ವರ ಅಳೆದೆವು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಆಮ್ಲಜನಕ ಅಳೆದೆವು. ಮೊದಲ ವರ್ಷ ಅರಕಲಗೂಡು ಕಡೆಯ ರೈತರೊಬ್ಬರು ಕೊಳ್ಳುವವರಿಲ್ಲದೆ ಎಲೆಕೋಸಿನ ಹೊಲಕ್ಕೆ ದನ ಬಿಟ್ಟು ಬದುವಿನ ಮೇಲೆ ಕೂತಿದ್ದರು. ಎಕರೆ ಎಷ್ಟು, ಖರ್ಚು ಎಷ್ಟು ಎಂದು ಬರೆದುಕೊಂಡು ಬಂದೆ. ‘ನಿದ್ದೆ ಬರುತ್ತಿದೆಯೇ ಯಜಮಾನರೇ?’ ಎಂದು ಕೇಳಲಿಲ್ಲ. ಮುಂದೆ ಅವರು ಆಲೂಗಡ್ಡೆಗೆ ಅಂಗಮಾರಿಯ ಔಷಧಿಯನ್ನೂ ಸಕಾಲದಲ್ಲಿ ಹೊಡೆಯಲಿಲ್ಲ. ಸೋಮಾರಿತನವೆಂದು ಊರವರು ಆಡಿಕೊಂಡರು. ನಾನೂ ಹಾಗೆಯೇ ತಿಳಿದೆ. ಆ ತಪ್ಪು ಇಂದಿಗೂ ನನ್ನನ್ನು ಕೊರೆಯುತ್ತಿದೆ.

ಮೈ ದಣಿವು ಒಂದು ರಾತ್ರಿಯ ನಿದ್ದೆಗೆ ಇಳಿಯುತ್ತದೆ. ಮನಸ್ಸಿನ ದಣಿವು ಹಾಗಲ್ಲ. ಅದನ್ನು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ 1998ರಿಂದ ಬಳಕೆಯಲ್ಲಿರುವ ಐದು ಪ್ರಶ್ನೆಗಳ ಒಂದು ಅಳತೆಯಿದೆ. ಕಳೆದ ಎರಡು ವಾರಗಳಲ್ಲಿ ಮನಸ್ಸು ಉಲ್ಲಾಸವಾಗಿತ್ತೆ? ನೆಮ್ಮದಿಯಿತ್ತೆ? ಲವಲವಿಕೆಯಿತ್ತೆ? ಬೆಳಿಗ್ಗೆ ದಣಿವಾರಿಸಿಕೊಂಡು ಏಳುತ್ತಿದ್ದಿರಾ? ದಿನನಿತ್ಯದ ಬದುಕಿನಲ್ಲಿ ಆಸಕ್ತಿಯಿತ್ತೆ? ಒಂದೊಂದಕ್ಕೂ ‘ಎಂದೂ ಇಲ್ಲ’ ಎಂದರೆ 0, ‘ಸದಾ ಇತ್ತು’ ಎಂದರೆ 5 ಅಂಕ. ಒಟ್ಟು 25ರಲ್ಲಿ 13ಕ್ಕಿಂತ ಕಡಿಮೆ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಬೇಕು.

ಮಣ್ಣು ಪರೀಕ್ಷೆಗೆ ಹೊಲದ ಒಂದೇ ಮೂಲೆಯಿಂದ ಮಣ್ಣು ತೆಗೆಯಬಾರದಷ್ಟೆ? ಹಾಗೆಯೇ ಒಂದು ದಿನದ ಬೇಸರವನ್ನು ಲೆಕ್ಕಕ್ಕೆ ಹಿಡಿಯಬಾರದು. ಎರಡು ವಾರ ಎಂದಿರುವುದು ಅದಕ್ಕೇ. ಅಂಕ ಕಡಿಮೆ ಬಂದೊಡನೆ ಇಂಥದೇ ಕಾಯಿಲೆ ಎಂದೂ ತೀರ್ಮಾನಿಸಬಾರದು. ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆಗಳಿಂದಲೂ ಸುಸ್ತು ಬರುತ್ತದೆ. ಕೊರೊನಾ ವಾಸಿಯಾದ ಮೇಲೆ ಹಲವರಲ್ಲಿ ತಿಂಗಳುಗಟ್ಟಲೆ ಆಯಾಸ ಉಳಿದದ್ದೂ ಉಂಟು. ಅದನ್ನು ಬಿಡಿಸಿ ಹೇಳುವವರು ವೈದ್ಯರೇ.

‘ಸಾಲ ತೀರದೆ ಮನಸ್ಸು ಹಗುರಾದೀತೆ ಸ್ವಾಮಿ?’ ಎಂದು ನೀವು ಕೇಳಬಹುದು. ನ್ಯಾಯವಾದ ಮಾತೇ. ಐದು ಪ್ರಶ್ನೆಗಳಿಂದ ಸಾಲ ತೀರುವುದಿಲ್ಲ, ಬೆಲೆಯೂ ಏರುವುದಿಲ್ಲ. ಆದರೆ ದಣಿದ ಮನಸ್ಸು ಬಿತ್ತುವ ಹದ ತಪ್ಪಿಸುತ್ತದೆ, ಬೇಡದ ಸಾಲಕ್ಕೆ ಕೈಯೊಡ್ಡುತ್ತದೆ, ಕೊನೆಗೆ ಪ್ರಾಣದ ಆಸೆಯನ್ನೇ ಬಿಡಿಸಬಹುದು. ಬೆಳೆ ಹೋದರೆ ಮುಂದಿನ ಮುಂಗಾರು ಬರುತ್ತದೆ; ಮನೆಯ ಯಜಮಾನ ಹೋದರೆ ಬರುವುದಿಲ್ಲ.

ಆದ್ದರಿಂದ ರೋಗ, ಬರ, ಬೆಲೆ ಕುಸಿತ ಯಾವುದೇ ಬರಲಿ, ಬೆಳೆ ನಷ್ಟದ ಸಮೀಕ್ಷೆಗೆ ಬರುವ ನಮ್ಮಂಥ ಅಧಿಕಾರಿಗಳು ಈ ಐದು ಪ್ರಶ್ನೆಗಳನ್ನೂ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಗಂಡಸರನ್ನಷ್ಟೇ ಅಲ್ಲ, ಮನೆ, ಕೊಟ್ಟಿಗೆ, ಹೊಲ ಮೂರನ್ನೂ ಹೊತ್ತ ಹೆಂಗಸರನ್ನೂ ಕೇಳಬೇಕು. ಬಾಯಿಬಿಟ್ಟು ಹೇಳಲು ಸಂಕೋಚವೆನಿಸಿದರೆ 14416ಕ್ಕೆ ದೂರವಾಣಿ ಮಾಡಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯಿದು. ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ.

ಈ ವಾಚನಾಲಯದಿಂದ ಏಳುವ ಮುನ್ನ ಪಕ್ಕದಲ್ಲಿ ಕೂತವರನ್ನು ಒಮ್ಮೆ ಕೇಳಿ: ‘ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿದೆಯೇ?’