ಹೋಟೆಲಿನೊಳಗೆ ನಾಯಿ: ಕಾಗದದಲ್ಲಿ ನಿಷೇಧ, ಮೇಜಿನ ಬಳಿ ಸ್ವಾಗತ

ಬೆಂಗಳೂರು: ರಾಜಧಾನಿಯ ಇಂದಿರಾನಗರ, ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆಗಳ ಕೆಲವು ಕೆಫೆಗಳಲ್ಲಿ ಭಾನುವಾರದ ಬೆಳಗ್ಗೆ ಕಾಣುವ ದೃಶ್ಯ ಈಗ ಯಾರಿಗೂ ಹೊಸದಲ್ಲ. ಮೇಜಿನ ಮೇಲೆ ಕಾಫಿ, ಮೇಜಿನ ಕೆಳಗೆ ಕೊರಳಪಟ್ಟಿ ತೊಟ್ಟ ಲ್ಯಾಬ್ರಡಾರ್. ಕೆಲವೆಡೆ ನಾಯಿಗಾಗಿಯೇ ಪ್ರತ್ಯೇಕ ತಿನಿಸುಪಟ್ಟಿಯೂ ಉಂಟು. ಇದೇ ನಗರದ ದರ್ಶಿನಿಗಳ ಮುಂದೆ, ನಿಂತು ಇಡ್ಲಿ ತಿನ್ನುವವರ ಕಾಲ ಬಳಿ ಮತ್ತೊಂದು ನಾಯಿ ತುತ್ತಿಗಾಗಿ ಕಾದಿರುತ್ತದೆ. ಮೊದಲನೆಯದಕ್ಕೆ ಹೆಸರುಂಟು, ಲಸಿಕೆಯ ಚೀಟಿಯುಂಟು. ಎರಡನೆಯದಕ್ಕೆ ಎರಡೂ ಇಲ್ಲ. ಹೆಚ್ಚೆಂದರೆ ಹೋಟೆಲಿನ ಹುಡುಗ ಎರಚುವ ನೀರು ಉಂಟು.

ವಿಚಿತ್ರವೆಂದರೆ, ಆಹಾರ ಸುರಕ್ಷತಾ ಕಾನೂನಿನ ದೃಷ್ಟಿಯಲ್ಲಿ ಈ ಎರಡೂ ನಾಯಿಗಳು ಒಂದೇ. ಕೆಫೆ, ಹೋಟೆಲುಗಳಿಗೆ ಸಾಕುನಾಯಿಗಳನ್ನು ಬಿಡಬೇಕೇ ಬೇಡವೇ ಎಂಬ ಚರ್ಚೆ ನಾಯಿಪ್ರಿಯರು ಮತ್ತು ನಾಯಿದ್ವೇಷಿಗಳ ಜಗಳವಾಗಿಯೇ ಉಳಿದಿರುವಾಗ, ಈ ಸಂಗತಿ ಯಾರ ಗಮನಕ್ಕೂ ಬಂದಂತಿಲ್ಲ.

ನಿಯಮ ಏನು ಹೇಳುತ್ತದೆ?

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ 2011ರಲ್ಲಿ ಪರವಾನಗಿ ಹಾಗೂ ನೋಂದಣಿ ನಿಯಮಾವಳಿ ರೂಪುಗೊಂಡಿತು. ಅದರ ನಾಲ್ಕನೆಯ ಅನುಸೂಚಿ ಆಹಾರ ಉದ್ಯಮಗಳು ಪಾಲಿಸಬೇಕಾದ ನೈರ್ಮಲ್ಯದ ಕಟ್ಟಳೆಗಳನ್ನು ಪಟ್ಟಿ ಮಾಡುತ್ತದೆ. ಕೀಟ ಮತ್ತು ಇಲಿಗಳ ಹಾವಳಿ ತಡೆಯುವ ಷರತ್ತಿನಲ್ಲಿ, ಬಿಲಗಳನ್ನು ಮುಚ್ಚಬೇಕು, ಚರಂಡಿಗಳಿಗೆ ಜಾಲರಿ ಹಾಕಬೇಕು ಎಂಬ ಸೂಚನೆಯ ಜೊತೆಯಲ್ಲೇ, ಪ್ರಾಣಿ, ಪಕ್ಷಿ ಮತ್ತು ಸಾಕುಪ್ರಾಣಿಗಳಿಗೆ ಆಹಾರ ಘಟಕದ ಆವರಣದಲ್ಲಿ ಪ್ರವೇಶ ನೀಡಬಾರದು ಎಂದು ಹೇಳಲಾಗಿದೆ.

ಅಡುಗೆಮನೆಗೂ ಊಟದ ಕೋಣೆಗೂ ಇಲ್ಲಿ ಭೇದವಿಲ್ಲ. ಒಳಾಂಗಣಕ್ಕೂ ಮರದ ನೆರಳಿನ ಹೊರಾಂಗಣಕ್ಕೂ ವ್ಯತ್ಯಾಸವಿಲ್ಲ. ಅಕ್ಷರಶಃ ಓದಿದರೆ, ನಾಯಿಗೆ ಸ್ವಾಗತ ಕೋರುವ ಫಲಕ ತೂಗುಹಾಕಿದ ಕೆಫೆಗಳೆಲ್ಲ ನಿಯಮ ಮೀರಿದಂತೆಯೇ. ಆದರೂ ಅವು ಬಹಿರಂಗವಾಗಿ ಜಾಹೀರಾತು ನೀಡಿ, ಪರವಾನಗಿ ಹೊಂದಿಯೇ ನಡೆಯುತ್ತಿವೆ. ಅಧಿಕಾರಿಗಳು ಕಂಡೂ ಕಾಣದಂತಿದ್ದಾರೆ, ಗ್ರಾಹಕರಿಗೆ ನಿಯಮವೇ ಗೊತ್ತಿಲ್ಲ. ಎಲ್ಲರೂ ಸುಖವಾಗಿರುವಾಗ ಕೆದಕುವುದೇಕೆ ಎಂದು ಕೇಳಬಹುದು. ಆದರೆ ಮುರಿಯಲೆಂದೇ ಇರುವ ನಿಯಮ ಯಾರನ್ನೂ ಕಾಯುವುದಿಲ್ಲ. ಏನಾದರೂ ಅನಾಹುತವಾದ ದಿನ ಅದು ಕೆಫೆಯ ಮಾಲೀಕನ ಕೊರಳಿಗೆ ಉರುಳಾಗುತ್ತದೆ. ಅನಾಹುತವಾಗುವ ತನಕ ಗ್ರಾಹಕನಿಗಾಗಲಿ ಕೆಲಸಗಾರನಿಗಾಗಲಿ ಅದರಿಂದ ಕಾಸಿನ ಪ್ರಯೋಜನವಿಲ್ಲ.

ಹೊರದೇಶಗಳ ದಾರಿ

ಈ ಗೊಂದಲವನ್ನು ಬೇರೆ ದೇಶಗಳು ಹೇಗೆ ಬಿಡಿಸಿಕೊಂಡವು ಎಂಬುದು ಗಮನಾರ್ಹ. ಯುರೋಪಿಯನ್ ಒಕ್ಕೂಟದ 2004ರ ಆಹಾರ ನೈರ್ಮಲ್ಯ ನಿಯಮ ಕಟ್ಟುನಿಟ್ಟಾಗಿ ಕಾಯುವುದು ಆಹಾರ ತಯಾರಿಸುವ, ನಿರ್ವಹಿಸುವ ಹಾಗೂ ಸಂಗ್ರಹಿಸುವ ಸ್ಥಳಗಳನ್ನು. ಸಾಕುಪ್ರಾಣಿಗಳು ಅಲ್ಲಿಗೆ ನುಸುಳದಂತೆ ವ್ಯವಸ್ಥೆ ಮಾಡುವುದು ಉದ್ಯಮಿಯ ಹೊಣೆ. ಊಟದ ಕೋಣೆಯ ವಿಷಯವನ್ನು ಬಹುಮಟ್ಟಿಗೆ ಆಯಾ ದೇಶ ಹಾಗೂ ಮಾಲೀಕರ ವಿವೇಚನೆಗೆ ಬಿಡಲಾಗಿದೆ. ಬ್ರಿಟನ್ನಿನ ಪಬ್ಬುಗಳಲ್ಲಿ ಒಲೆಯ ಮುಂದೆ ನಾಯಿ ಮಲಗಿರುವುದು ಕಾನೂನು ಉಲ್ಲಂಘನೆಯಲ್ಲ.

ಅಮೆರಿಕ ಇನ್ನಷ್ಟು ಎಚ್ಚರದ ದಾರಿ ಹಿಡಿಯಿತು. ಕ್ಯಾಲಿಫೋರ್ನಿಯಾ ರಾಜ್ಯ 2014ರಲ್ಲಿ ಕಾನೂನು ಮಾಡಿ, 2015ರ ಜನವರಿಯಿಂದ ಹೋಟೆಲುಗಳ ಹೊರಾಂಗಣಕ್ಕೆ ಮಾತ್ರ ನಾಯಿಗಳನ್ನು ಬಿಡಲು ಅನುಮತಿ ನೀಡಿತು. ಷರತ್ತುಗಳು ಸ್ಪಷ್ಟವಾಗಿದ್ದವು. ನಾಯಿ ಒಳಾಂಗಣ ದಾಟದೆ ನೇರವಾಗಿ ಹೊರಾಂಗಣಕ್ಕೆ ಬರುವಂತಿರಬೇಕು, ಹಗ್ಗದ ಹಿಡಿತದಲ್ಲಿರಬೇಕು, ಕುರ್ಚಿ-ಬೆಂಚುಗಳ ಮೇಲೆ ಏರಬಾರದು. ಅದಕ್ಕೆ ಆಹಾರ ನೀಡುವುದಾದರೆ ಬಳಸಿ ಬಿಸಾಡುವ ತಟ್ಟೆಯಲ್ಲೇ ನೀಡಬೇಕು. ಊಟ ಬಡಿಸುವ ನೌಕರ ನಾಯಿಯನ್ನು ಮುಟ್ಟಬಾರದು. ಅಲ್ಲಿನ ಕೇಂದ್ರ ಆಹಾರ ಮತ್ತು ಔಷಧ ಆಡಳಿತದ ಮಾದರಿ ಸಂಹಿತೆಯೂ 2022ರ ಆವೃತ್ತಿಯಲ್ಲಿ, ಸ್ಥಳೀಯ ಪ್ರಾಧಿಕಾರದ ಒಪ್ಪಿಗೆಯಿದ್ದರೆ ಹೊರಾಂಗಣದಲ್ಲಿ ನಾಯಿಗಳಿಗೆ ಅವಕಾಶ ನೀಡಬಹುದೆಂದಿತು. ದಶಕಗಳಿಂದ ಹೋಟೆಲುಗಳಲ್ಲಿ ನಾಯಿ ನಿಷೇಧಿಸಿದ್ದ ಹಾಂಗ್‌ಕಾಂಗ್ ಕೂಡ 2025ರಲ್ಲಿ ನಿರ್ಬಂಧ ಸಡಿಲಿಸುವ ನಿರ್ಧಾರ ಪ್ರಕಟಿಸಿತು.

ಇವೆಲ್ಲದರಲ್ಲಿ ಸಾಮಾನ್ಯವಾದ ಒಂದು ಅಂಶವಿದೆ. ಅಡುಗೆಮನೆಯ ಗೆರೆಯನ್ನು ಯಾರೂ ಅಳಿಸಿಲ್ಲ. ಊಟದ ಜಾಗದ ಪ್ರಶ್ನೆಯನ್ನು ಮಾತ್ರ ಬೇರ್ಪಡಿಸಿ, ಷರತ್ತುಗಳ ಮೂಲಕ ಇತ್ಯರ್ಥಪಡಿಸಿದ್ದಾರೆ. ಭಾರತದ ನಿಯಮ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದೆ.

ರೇಬೀಸಿನ ನೆರಳು

ಹಾಗೆಂದು ಕ್ಯಾಲಿಫೋರ್ನಿಯಾದ ಕಾನೂನನ್ನು ಯಥಾವತ್ತಾಗಿ ಇಲ್ಲಿಗೆ ತರಲಾಗದು. ಆ ದೇಶಗಳಲ್ಲಿ ನಾಯಿಯಿಂದ ಹರಡುವ ರೇಬೀಸ್ ಬಹುತೇಕ ಇಲ್ಲವಾಗಿದೆ. ಭಾರತದಲ್ಲಿ ಸರ್ಕಾರದ ಲೆಕ್ಕದಂತೆಯೇ 2024ರಲ್ಲಿ 37 ಲಕ್ಷಕ್ಕೂ ಹೆಚ್ಚು ನಾಯಿಕಡಿತದ ಪ್ರಕರಣಗಳು ವರದಿಯಾದವು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುಳಿಯುವುದು ತೀರಾ ಅಪರೂಪ. ಹೀಗಿರುವಾಗ ಪಕ್ಕದ ಮೇಜಿನ ನಾಯಿಯನ್ನು ಕಂಡು ತಾಯಿಯೊಬ್ಬಳು ಮಗುವನ್ನು ಎದೆಗೆ ಅವುಚಿಕೊಂಡರೆ ಅದನ್ನು ಅಜ್ಞಾನವೆಂದು ನಗುವುದು ಸಲ್ಲದು. ಆ ಭಯಕ್ಕೆ ಈ ನೆಲದಲ್ಲಿ ಕಾರಣವಿದೆ.

ಆದರೆ ಭಯಕ್ಕೂ ಅಳತೆ ಬೇಕು. ರೇಬೀಸ್ ಹರಡುವುದು ಕಡಿತದಿಂದ, ಪರಚುವಿಕೆಯಿಂದ, ಗಾಯದ ಮೇಲೆ ಜೊಲ್ಲು ತಗಲುವುದರಿಂದ. ಒಂದೇ ಕೋಣೆಯಲ್ಲಿ ಕುಳಿತ ಮಾತ್ರಕ್ಕೆ ಅದು ಬರುವುದಿಲ್ಲ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ ಹಾಕಿಸಿ, ಮುಂದೆ ತಪ್ಪದೆ ಲಸಿಕೆ ನೀಡುತ್ತ ಬಂದ ನಾಯಿಯಿಂದ ಆ ಅಪಾಯ ಅತ್ಯಲ್ಪ. ಹೊಟ್ಟೆಹುಳು, ಚರ್ಮದ ಹುಳುಕಡ್ಡಿಯಂಥ ತೊಂದರೆಗಳನ್ನೂ ನಿಯಮಿತ ಆರೈಕೆಯಿಂದ ತಡೆಯಬಹುದು. ಹೊಟೇಲಿನ ಊಟ ಕೆಡುವುದು ಹೆಚ್ಚಾಗಿ ತೊಳೆಯದ ಕೈಗಳಿಂದ, ಕೊಳಕು ನೀರಿನಿಂದ, ನೊಣಗಳಿಂದ. ಮೇಜಿನ ಕೆಳಗೆ ಮಲಗಿದ ಲಸಿಕೆ ಪಡೆದ ನಾಯಿಗಿಂತ, ಅದನ್ನು ನೇವರಿಸಿ ಕೈ ತೊಳೆಯದೆ ದೋಸೆ ತಂದಿಡುವ ಕೈಯೇ ಹೆಚ್ಚು ಅಪಾಯಕಾರಿ.

ಅಂದರೆ, ಕಾಯಬೇಕಾದದ್ದು ಲಸಿಕೆ ಮತ್ತು ಕೈಗಳನ್ನು. ಈಗಿನ ನಿಯಮ ಇವೆರಡನ್ನೂ ಕಾಯುತ್ತಿಲ್ಲ. ನಾಯಿ ಬರಲೇಬಾರದು ಎಂದ ಮೇಲೆ, ಬಂದ ನಾಯಿಗೆ ಲಸಿಕೆಯಾಗಿದೆಯೇ ಎಂದು ಕೇಳುವ ಷರತ್ತಿಗೆ ಜಾಗವೆಲ್ಲಿ?

ಬಾಗಿಲಾಚೆಯ ನಾಯಿ

ಇನ್ನು ದರ್ಶಿನಿಯ ಮುಂದಿನ ನಾಯಿಯ ಮಾತು. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2023ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. 2025ರಲ್ಲಿ ಸುಮಾರು 5,000 ನಾಯಿಗಳಿಗೆ ಕೋಳಿಮಾಂಸ ಬೆರೆಸಿದ ಅನ್ನ ನೀಡಲು ಪಾಲಿಕೆ 2.88 ಕೋಟಿ ರೂಪಾಯಿಗಳ ಯೋಜನೆ ಮುಂದಿಟ್ಟಾಗ ದೇಶಾದ್ಯಂತ ಪರ-ವಿರೋಧದ ಮಾತುಗಳು ಕೇಳಿಬಂದವು. ಆ ಗದ್ದಲದಲ್ಲಿ, ಉಳಿದ ನಾಯಿಗಳು ಉಣ್ಣುವುದೇನನ್ನು ಎಂಬ ಪ್ರಶ್ನೆ ಹಿಂದೆ ಸರಿಯಿತು. ಅವುಗಳಲ್ಲಿ ಬಹಳಷ್ಟು ಬದುಕಿರುವುದು ಹೋಟೆಲು, ಕೋಳಿ ಅಂಗಡಿ, ಕಲ್ಯಾಣಮಂಟಪಗಳು ಹೊರಚೆಲ್ಲುವ ಎಂಜಲಿನ ಮೇಲೆ.

ಅದೇ ವರ್ಷ ಸುಪ್ರೀಂ ಕೋರ್ಟಿನ ಆದೇಶಗಳು ಈ ವಿಷಯವನ್ನು ಮನೆಮನೆಯ ಚರ್ಚೆಯಾಗಿಸಿದವು. ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿಡಬೇಕೆಂದು ಆಗಸ್ಟ್ 11ರಂದು ದ್ವಿಸದಸ್ಯ ಪೀಠ ಆದೇಶಿಸಿತು. ಆಗಸ್ಟ್ 22ರಂದು ತ್ರಿಸದಸ್ಯ ಪೀಠ ಅದನ್ನು ಮಾರ್ಪಡಿಸಿ, ಸಂತಾನಹರಣ ಮತ್ತು ಲಸಿಕೆಯ ನಂತರ ರೇಬೀಸ್ ಪೀಡಿತ ಹಾಗೂ ಆಕ್ರಮಣಕಾರಿ ನಾಯಿಗಳ ಹೊರತು ಉಳಿದವನ್ನು ಮೊದಲಿದ್ದ ಜಾಗಕ್ಕೇ ಬಿಡುವಂತೆ ಹೇಳಿತು. ಬೀದಿಯಲ್ಲಿ ಮನಬಂದಲ್ಲಿ ಉಣಿಸುವುದನ್ನು ನಿಷೇಧಿಸಿ, ನಿಗದಿತ ಸ್ಥಳಗಳನ್ನು ಗುರುತಿಸುವಂತೆ ಸೂಚಿಸಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ಹಾಗೂ ರೈಲು ನಿಲ್ದಾಣಗಳಂಥ ಸ್ಥಳಗಳಿಂದ ಬೀದಿನಾಯಿಗಳನ್ನು ತೆರವುಗೊಳಿಸಬೇಕೆಂಬ ನಿರ್ದೇಶನ ಬಂತು. ಉಣಿಸುವ ವ್ಯಕ್ತಿಗೆ ಹೀಗೆ ಕಟ್ಟಳೆ ಬಂದಮೇಲೂ, ಹಿಂಬಾಗಿಲಲ್ಲಿ ಎಂಜಲು ಸುರಿದು ಅರಿವಿಲ್ಲದೆ ಉಣಿಸುವ ಹೋಟೆಲಿನ ಮೇಲೆ ಯಾರ ಕಣ್ಣೂ ಬಿದ್ದಿಲ್ಲ. ನೈರ್ಮಲ್ಯದ ಹೆಸರಿನಲ್ಲಿ ಮುಂಬಾಗಿಲ ನಾಯಿಯ ಬಗ್ಗೆ ಆತಂಕಪಡುವವರು ಮೊದಲು ಹಿಂಬಾಗಿಲನ್ನು ನೋಡಬೇಕು.

ಹಕ್ಕು ಯಾರದು?

ಚರ್ಚೆಯಲ್ಲಿ ಪದೇ ಪದೇ ಕೇಳಿಬರುವ ಪದ 'ಹಕ್ಕು'. ನಾಯಿ ಕುಟುಂಬದ ಸದಸ್ಯ, ಅದನ್ನು ಹೊರಗಿಡುವುದು ತಾರತಮ್ಯ ಎಂಬುದು ಒಂದು ಕಡೆಯವರ ವಾದ. ಹೋಟೆಲ್ ಪ್ರವೇಶದ ಪ್ರಶ್ನೆಗೆ ಈ ನೆಲದಲ್ಲಿ ಬೇರೆಯೇ ಇತಿಹಾಸವಿರುವುದರಿಂದ ಈ ಪದವನ್ನು ಅಳೆದು ತೂಗಿ ಬಳಸಬೇಕು. ಜಾತಿಯ ಕಾರಣಕ್ಕೆ ಮನುಷ್ಯರನ್ನೇ ಹೊಸ್ತಿಲಾಚೆ ನಿಲ್ಲಿಸಿದ ದೇಶವಿದು. ಅದಕ್ಕೆಂದೇ ಸಂವಿಧಾನದ 15ನೆಯ ವಿಧಿ ಹೋಟೆಲು, ಉಪಾಹಾರ ಗೃಹಗಳನ್ನು ಹೆಸರಿಸಿ, ಅಲ್ಲಿ ಯಾವ ನಾಗರಿಕನನ್ನೂ ಜಾತಿ, ಮತ, ಲಿಂಗಗಳ ಆಧಾರದಲ್ಲಿ ತಡೆಯುವಂತಿಲ್ಲ ಎಂದಿತು. ಆ ಹಕ್ಕನ್ನೂ ಸಾಕುನಾಯಿಯನ್ನು ಜೊತೆಗೆ ಕರೆದೊಯ್ಯುವ ಅನುಕೂಲವನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಎರಡನೆಯದು ಮಾಲೀಕ ಕೊಡಬಹುದಾದ, ಕೊಡದಿರಬಹುದಾದ ಸೌಲಭ್ಯ ಮಾತ್ರ.

ಇದಕ್ಕೆ ಒಂದೇ ಅಪವಾದ, ಅಂಧರಿಗೆ ದಾರಿ ತೋರುವ ತರಬೇತಿ ಪಡೆದ ಶ್ವಾನ. ಅಮೆರಿಕದ 1990ರ ಅಂಗವಿಕಲರ ಕಾಯ್ದೆ ಅಂಥ ನಾಯಿಯನ್ನು ಹೋಟೆಲಿಗೆ ಬಿಡಲೇಬೇಕೆನ್ನುತ್ತದೆ. ಭಾರತದಲ್ಲಿ ಇವುಗಳ ಸಂಖ್ಯೆ ಬೆರಳೆಣಿಕೆಯಷ್ಟು. ಆದರೆ ಎಲ್ಲ ಪ್ರಾಣಿಗಳಿಗೂ ಒಂದೇ ನಿಷೇಧ ಹೇಳುವ ನಿಯಮ ಆ ಅಂಧ ವ್ಯಕ್ತಿಯನ್ನೂ ಬಾಗಿಲಲ್ಲೇ ನಿಲ್ಲಿಸುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಹಕ್ಕಿನ ಮಾತು ನಿಜವಾಗಿ ಬರಬೇಕಾದದ್ದು ಬೇರೊಬ್ಬನ ವಿಷಯದಲ್ಲಿ. ಗ್ರಾಹಕನಿಗೆ ಇಷ್ಟವಿಲ್ಲದಿದ್ದರೆ ಪಕ್ಕದ ಹೋಟೆಲಿಗೆ ಹೋಗಬಹುದು. ತಟ್ಟೆ ಎತ್ತುವ, ನೆಲ ಒರೆಸುವ ನೌಕರನಿಗೆ ಆ ಆಯ್ಕೆಯಿಲ್ಲ. ನಾಯಿ ಕಡಿದರೆ ಗಾಯವನ್ನು ಹದಿನೈದು ನಿಮಿಷ ಸೋಪು-ನೀರಿನಲ್ಲಿ ತೊಳೆದು, 28 ದಿನಗಳ ಅವಧಿಯಲ್ಲಿ ನಾಲ್ಕೈದು ಬಾರಿ ಚುಚ್ಚುಮದ್ದಿಗೆ ಅಲೆಯಬೇಕಾದವನು ಅವನು. ಹತ್ತಕ್ಕಿಂತ ಕಡಿಮೆ ನೌಕರರಿರುವ ಸಣ್ಣ ಕೆಫೆಗಳು ಸಾಮಾನ್ಯವಾಗಿ ಇಎಸ್‌ಐ ವ್ಯಾಪ್ತಿಗೂ ಬರುವುದಿಲ್ಲ. ನಾಯಿಯ ವಿಷಯದಲ್ಲಿ ಅಜಾಗರೂಕತೆ ತೋರಿದ ಒಡೆಯನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಂ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ದೊಡ್ಡ ಗಿರಾಕಿಯ ಮೇಲೆ ಪೊಲೀಸ್ ಠಾಣೆ ಮೆಟ್ಟಿಲೇರುವ ಧೈರ್ಯ ಸಪ್ಲೈಯರ್ ಹುಡುಗನಿಗೆ ಎಲ್ಲಿಂದ ಬರಬೇಕು?

ನಾಯಿಯ ಹಿತವನ್ನೂ ಯಾರೂ ಕೇಳಿದಂತಿಲ್ಲ. ಅಬ್ಬರದ ಸಂಗೀತ, ಅಪರಿಚಿತರ ಕೈಗಳು, ಇಕ್ಕಟ್ಟಾದ ಜಾಗ ಎಲ್ಲ ನಾಯಿಗೂ ಒಗ್ಗುವುದಿಲ್ಲ. ಮಮತೆಯಿಂದ ಉಣಿಸುವ ಸಾಂಬಾರಿನ ಈರುಳ್ಳಿ, ಕೇಕಿನ ಚಾಕೊಲೇಟ್, ಪಾಯಸದ ದ್ರಾಕ್ಷಿ ಅದಕ್ಕೆ ವಿಷ.

ಮುಂದಿನ ದಾರಿ

ಇದಕ್ಕೆ ಪರಿಹಾರ ದೂರವೇನಿಲ್ಲ. ಬಸ್ಸಿನಲ್ಲಿ ನಾಯಿ ಒಯ್ಯಬಹುದೇ ಎಂಬ ಪ್ರಶ್ನೆಗೆ ಕೆಎಸ್‌ಆರ್‌ಟಿಸಿ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದೆ. 2022ರಲ್ಲಿ ನಾಯಿಗೆ ಅರ್ಧ ಟಿಕೆಟ್ ಎಂದು ದರವನ್ನೂ ಇಳಿಸಿತು. ನಿಯಮ ಸ್ಪಷ್ಟವಾದೊಡನೆ ಅಲ್ಲಿ ಜಗಳ ತಣ್ಣಗಾಯಿತು. ಹೋಟೆಲಿಗೂ ಅಂಥದೇ ಸ್ಪಷ್ಟತೆ ಬೇಕು.

ಕೇಂದ್ರದ ನಿಯಮಾವಳಿಯಲ್ಲಿ ಅಡುಗೆಮನೆಯ ನಿಷೇಧವನ್ನು ಹಾಗೆಯೇ ಉಳಿಸಿ, ಊಟದ ಜಾಗವನ್ನು ಬೇರ್ಪಡಿಸಬೇಕು. ನಾಯಿಗೆ ಅವಕಾಶ ನೀಡುವ ಕೆಫೆ ಅದನ್ನು ಪರವಾನಗಿಯಲ್ಲಿ ನಮೂದಿಸಿ, ಬಾಗಿಲಲ್ಲಿ ದೊಡ್ಡ ಅಕ್ಷರಗಳ ಕನ್ನಡ ಫಲಕ ಹಾಕಬೇಕು. ಒಳಗೆ ಕಾಲಿಡುವ ಮುನ್ನವೇ ಗ್ರಾಹಕನಿಗೆ ವಿಷಯ ತಿಳಿದಿರಬೇಕು. ಲಸಿಕೆಯ ಚೀಟಿ ತೋರಿಸದ ನಾಯಿಗೆ, ಹಗ್ಗವಿಲ್ಲದ ನಾಯಿಗೆ ಪ್ರವೇಶ ಬೇಡ. ಬಡಿಸುವವನು ನಾಯಿಯನ್ನು ಮುಟ್ಟುವುದು ಬೇಡ. ನೌಕರನಿಗೆ ಗಾಯವಾದರೆ ಚಿಕಿತ್ಸೆಯ ವೆಚ್ಚ ಮತ್ತು ಆ ದಿನಗಳ ಕೂಲಿಯನ್ನು ಕೆಫೆಯೇ ಭರಿಸಿ, ನಾಯಿಯ ಒಡೆಯನಿಂದ ವಸೂಲು ಮಾಡಿಕೊಳ್ಳಲಿ. ಇಷ್ಟನ್ನು ಒಪ್ಪದ ಹೋಟೆಲು ತನ್ನ ಬಾಗಿಲನ್ನು ನಾಯಿಗೆ ಮುಚ್ಚಲಿ. ಅದನ್ನು ಪ್ರಾಣಿದ್ವೇಷವೆಂದು ಯಾರೂ ಜರಿಯುವ ಅಗತ್ಯವಿಲ್ಲ.

ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಧರ್ಮರಾಯನ ಕಥೆಯನ್ನು ಶ್ವಾನಪ್ರಿಯರು ಆಗಾಗ ನೆನಪಿಸುತ್ತಾರೆ. ಆ ಕಥೆಯಲ್ಲಿ ನಾಯಿಯ ಹೊಣೆಯನ್ನು ಕೊನೆಯವರೆಗೂ ಹೊತ್ತವನು ಧರ್ಮರಾಯನೇ ಹೊರತು ಬಾಗಿಲು ಕಾಯುವವನಲ್ಲ. ಕೆಫೆಯ ಬಾಗಿಲಲ್ಲಿ ನಾಯಿಯೊಡನೆ ನಿಂತವರೂ ಆ ಹೊಣೆಯನ್ನು ತಟ್ಟೆ ಎತ್ತುವವನ ಹೆಗಲಿಗೆ ದಾಟಿಸದೆ ತಾವೇ ಹೊತ್ತರೆ, ಬಾಗಿಲು ತೆರೆಯುವುದಕ್ಕೆ ಹೆಚ್ಚಿನ ತಕರಾರು ಉಳಿಯದು.